ಹೆದ್ದಾರಿ ಹೊಳೆ ದಂಡೆಯಲ್ಲಿಲ್ಲ, ಗುಡ್ಡದ ಮೇಲಿದೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಗೋವಾ ಪ್ರವಾಸದ ಲೇಖನ ಓದಿದೆ. ಮೀನೂಟದ ಭಾಗ ಚೆನ್ನಾಗಿತ್ತು. ಆದರೆ ಬೆಳಗಾವಿಯಿಂದ ಪಣಜಿವರೆಗೆ ಹೆದ್ದಾರಿ ಮಹದಾಯಿ ಜೊತೆಗೇ ಬರುತ್ತದೆ ಎಂದು ಬರೆದಿದ್ದೀರಲ್ಲ, ಅದು ತಪ್ಪು. ನಾನು ಬೈಲಹೊಂಗಲದವನು. 22 ವರ್ಷದಿಂದ ಬೆಳಗಾವಿಯ ತರಕಾರಿ ಹೇರಿಕೊಂಡು ಇದೇ ದಾರಿಯಲ್ಲಿ ಟೆಂಪೊ ಓಡಿಸುತ್ತಿದ್ದೇನೆ. ಚೋರ್ಲಾ ಘಾಟ್ ದಾರಿ ಹತ್ತಿರದ್ದು, ನಿಜ. ನನಗೆ ಫೋಂಡಾದಲ್ಲೂ ಮಾಲು ಇಳಿಸಬೇಕು, ಅದಕ್ಕೇ ಅನಮೋಡ ಘಾಟಿನ ಈ ಹೆದ್ದಾರಿ. ಈಗ ಮನೆ ಪಣಜಿ ಹತ್ತಿರದ ರಾಯಬಂದರ್‌ನಲ್ಲಿ, ಹೊಳೆ ಎದುರಿಗೇ.

ಮಹದಾಯಿ ಹುಟ್ಟುವುದು ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ. ಗೋವಾದ ಸತ್ತರಿ ತಾಲ್ಲೂಕಿಗೆ ಇಳಿದು, ಇಲ್ಲಿ ಮಾಂಡವಿ ಆಗುತ್ತದೆ. ಹೆದ್ದಾರಿಯೂ ಖಾನಾಪುರದ ಮೇಲೆಯೇ ಬರುತ್ತದೆ, ಆದರೆ ರಾಮನಗರ, ಅನಮೋಡ ದಾಟಿ ಘಾಟ್ ಇಳಿದು ಗೋವಾದ ಮೊಲೆಂಗೆ. ಫೋಂಡಾಕ್ಕೆ ಮುಂಚೆ ಖಾಂಡೇಪಾರ್ ಸೇತುವೆಯ ಕೆಳಗೆ ಕಾಣುವುದು ಮಾಂಡವಿಯಲ್ಲ, ಅದಕ್ಕೆ ಹೋಗಿ ಸೇರುವ ಹೊಳೆ. ಬಾಣಸ್ತಾರಿ ಸೇತುವೆಯ ಕೆಳಗಿನದು ಕುಂಭಾರಜುವೆ ಕಾಲುವೆ. ಅದರ ಒಂದು ತುದಿ ಮಾಂಡವಿಯಲ್ಲಿ, ಇನ್ನೊಂದು ಜುವಾರಿ ಹೊಳೆಯಲ್ಲಿ. ಖುದ್ದು ಮಾಂಡವಿ ಪಕ್ಕಕ್ಕೆ ಬರಬೇಕಾದರೆ ಹಳೆ ಗೋವಾ ಮುಟ್ಟಬೇಕು. ಅಲ್ಲಿಂದ ಪಣಜಿಗೆ ಹತ್ತು ಕಿಲೋಮೀಟರ್ ಇದ್ದರೆ ಜಾಸ್ತಿ.

ಅಷ್ಟು ದೂರ ಹೊಳೆ ದಂಡೆ ಹಿಡಿದು ಹೋಗುವುದು ನಮ್ಮ ರಾಯಬಂದರ್ ಮೇಲಿನ ಹಳೇ ರಸ್ತೆ. ಈಗಿನ ಹೆದ್ದಾರಿ, ಮೊದಲು 4ಎ ಅನ್ನುತ್ತಿದ್ದ ಈಗಿನ 748, ಹಳೆ ಗೋವಾದಲ್ಲಿ ಗುಡ್ಡ ಹತ್ತಿ ಕದಂಬ ಪಠಾರ ಅನ್ನುವ ಎತ್ತರದ ಬಯಲಿನ ಮೇಲೆ ಹೋಗುತ್ತದೆ.

ಇಷ್ಟಕ್ಕೆಲ್ಲ ಪತ್ರ ಬರೆಯಬೇಕಾ ಅನ್ನಬಹುದು. ಕಳೆದ ಜುಲೈನಲ್ಲಿ, ಬೆಳಿಗ್ಗೆ ಏಳೂವರೆಗೆ, ಜೋರು ಮಳೆ. ನಮ್ಮ ಮನೆ ಹತ್ತಿರದ ತಿರುವಿನಲ್ಲಿ ಹತ್ತು ಚಕ್ರದ ಲಾರಿಯೊಂದು ಸಿಕ್ಕಿಕೊಂಡಿತ್ತು. ರಾಯಬಂದರ್ ಮನೆಗಳ ಮೆಟ್ಟಿಲು ಇಳಿದರೆ ರಸ್ತೆಯೇ. ಎರಡು ಕಾರು ಎದುರಾದರೂ ಒಂದು ನಿಲ್ಲಬೇಕು. ಹಿಂದೆ ಶಾಲೆ ಮಕ್ಕಳ ಬಸ್ಸು, ಮುಂದೆ ಮೀನಿನ ರಿಕ್ಷಾ, ಎಲ್ಲರೂ ಕೊಂಕಣಿಯಲ್ಲಿ ಬೈಯುತ್ತಿದ್ದರು. ನಂಬರ್ ಪ್ಲೇಟ್ ನೋಡಿದರೆ ನಮ್ಮ ಕಡೆಯದೇ. ಡ್ರೈವರ್ ಗೋಕಾಕ ಕಡೆಯ ಹುಡುಗ, ಅಳುವುದೊಂದು ಬಾಕಿ. ‘ಅಣ್ಣಾರ, ಫೋನ್‌ನ್ಯಾಗ ಇದ ದಾರಿ ತೋರಸ್ತ್ರಿ. ಹೊಳಿ ದಂಡಿ ಹಿಡಿ, ಪಣಜಿ ಬರ್ತದ ಅಂತ ಮಾಲಕರೂ ಹೇಳಿದ್ರು’ ಅಂದ. ಛತ್ರಿ ಹಿಡಿದು ‘ಬರಲಿ, ಬರಲಿ’ ಅಂತ ರಿವರ್ಸ್ ಹಾಕಿಸಲು ನನಗೆ ಒಂದೂವರೆ ತಾಸು ಹಿಡಿಯಿತು. ಪಕ್ಕದ ಮನೆಯ ಗ್ಯಾಲರಿಯ ನಾಲ್ಕು ಹೆಂಚು ಹೋದವು. ಅದರ ದುಡ್ಡು ಕೊಟ್ಟವನು ಆ ಹುಡುಗನೇ, ಮಾಲಕರಲ್ಲ.

ಇನ್ನು ರಾಯಬಂದರ್ ದಾಟಿದ ಮೇಲೆ ಪಣಜಿವರೆಗಿನ ಕಲ್ಲಿನ ಏರಿ. ಸುಮಾರು 3 ಕಿಲೋಮೀಟರ್ ಉದ್ದ. ಪೋರ್ಚುಗೀಸರು 1630ರ ದಶಕದಲ್ಲಿ ಕಟ್ಟಿದ್ದು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಉಪ್ಪಿನ ಗದ್ದೆ, ಕಾಂಡ್ಲಾ ಗಿಡ. ಕುದುರೆ, ಮೇನೆ ಓಡಾಡಿದ ಏರಿಯ ಮೇಲೆ ಇಪ್ಪತ್ತು ಟನ್ ಸಿಮೆಂಟು ಹೋಗುವುದು ಕಂಡರೆ ನನಗೆ ಹೊಟ್ಟೆ ಚುರ್ ಅನ್ನುತ್ತದೆ. ತಮಾಷೆ ನೋಡಿ, ಬನವಾಸಿ ಕಡೆಯ ಕದಂಬರ ಹೆಸರಿನ ದಾರಿ ಗುಡ್ಡದ ಮೇಲೆ ಅಗಲವಾಗಿ ಬಿದ್ದಿದೆ. ಅದನ್ನು ಬಿಟ್ಟು ಪೋರ್ಚುಗೀಸರ ಏರಿಗೆ ನುಗ್ಗುವವರು ನಮ್ಮವರೇ!

ಹಳೆ ಗೋವಾದಲ್ಲಿ ದಾರಿ ಒಡೆಯುವಲ್ಲಿ ‘ಲಾರಿಗಳು ಗುಡ್ಡದ ದಾರಿಗೆ’ ಅಂತ ಕನ್ನಡದಲ್ಲಿ ಒಂದು ಸಾಲು ಬರೆಸಿದರೆ ಸಾಕು. ಅಲ್ಲಿಯವರೆಗೆ ನೀವು ಒಂದು ತಿದ್ದುಪಡಿ ಹಾಕಿ. ಹುಬ್ಬಳ್ಳಿ, ಬೆಳಗಾವಿ ಕಡೆಯ ಡ್ರೈವರ್‌ಗಳು ನಿಮ್ಮ ಪತ್ರಿಕೆ ಓದುತ್ತಾರೆ, ಚಹಾದಂಗಡಿಯಲ್ಲಿ ನಾನೇ ನೋಡಿದ್ದೇನೆ.

ಲೇಖನ ಬರೆದವರಿಗೆ ದಾರಿ ನೋಡುವ ಮನಸ್ಸಿದ್ದರೆ ನನ್ನ ಟೆಂಪೊದಲ್ಲಿ ಬರಲಿ. ರಾತ್ರಿ ಒಂಬತ್ತಕ್ಕೆ ಬೆಳಗಾವಿ ಬಿಡುತ್ತೇನೆ. ಕೊತ್ತಂಬರಿ ವಾಸನೆ ತಡೆದುಕೊಳ್ಳಬೇಕು, ಅಷ್ಟೇ.

— ಒಬ್ಬ ಟೆಂಪೊ ಚಾಲಕ, ರಾಯಬಂದರ್, ಗೋವಾ