ಚಿಂತೆ ಇದ್ದವರಿಗೆ ವಿಶ್ವಾಸ ಇಲ್ಲ ಅನ್ನಬೇಡಿ

ಮಾನ್ಯರೇ,

ಮನಸ್ಸಿನ ಕಾಯಿಲೆ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಡಾಕ್ಟರು ಹೇಳಬೇಕಾದ ಮಾತೆಲ್ಲ ಅದರಲ್ಲಿತ್ತು. ದೇವರನ್ನು ನಂಬಿದವರ ಮನೆಯೊಳಗೆ ಈ ಕಾಯಿಲೆ ಬಂದರೆ ಏನಾಗುತ್ತದೆ ಅನ್ನುವುದು ಇರಲಿಲ್ಲ. ಅದನ್ನು ನಾನು ಹೇಳಬಲ್ಲೆ, ಅದಕ್ಕೇ ಈ ಪತ್ರ.

ನಾನು ಬೆಟಗೇರಿಯವಳು. ಬಾಸೆಲ್ ಮಿಷನ್ ಕಾಲದಿಂದ ನಮ್ಮದು ಕ್ರೈಸ್ತ ಮನೆತನ. 34 ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದ್ದೇನೆ. 20 ವರ್ಷದಿಂದ ಭಾನುವಾರ ಸಂಡೇ ಸ್ಕೂಲ್ ಮಕ್ಕಳ ಜೊತೆ ಇದ್ದೇನೆ.

2021ರ ಮೇ ತಿಂಗಳಲ್ಲಿ, ಕೊರೊನಾ ಎರಡನೇ ಅಲೆಯಲ್ಲಿ, ನಮ್ಮ ಯಜಮಾನರು ತೀರಿಕೊಂಡರು. ಮಣ್ಣಿಗೆ ನಾಲ್ಕೇ ಜನ. ಹಾಡು ಹೇಳುವವರಿರಲಿಲ್ಲ. ಚರ್ಚಿನ ಅಯ್ಯನವರು ಮಾಸ್ಕ್ ಹಾಕಿಕೊಂಡು ದೂರ ನಿಂತು ಪ್ರಾರ್ಥನೆ ಮಾಡಿದರು. ಆಗ ನಾನು ಗಟ್ಟಿಯಾಗೇ ಇದ್ದೆ. ಫೋನ್ ಮಾಡಿದವರಿಗೆಲ್ಲ ನಾನೇ ಸಮಾಧಾನ ಹೇಳುತ್ತಿದ್ದೆ.

ಆರು ತಿಂಗಳಾದ ಮೇಲೆ ಶುರುವಾಯಿತು. ರಾತ್ರಿ ಎರಡೂವರೆಗೆ ಎಚ್ಚರ. ಎದೆ ಡವಡವ. ಎದ್ದು ಗ್ಯಾಸ್ ಬಂದ್ ಆಗಿದೆಯಾ ನೋಡುವುದು, ಬಾಗಿಲ ಚಿಲಕ ಮುಟ್ಟಿ ನೋಡುವುದು, ಮತ್ತೆ ಗ್ಯಾಸ್ ನೋಡುವುದು. ಮಗಳು ಬೆಂಗಳೂರಿನಲ್ಲಿ ನರ್ಸ್. ಅವಳಿಗೆ ನೈಟ್ ಡ್ಯೂಟಿ ಇದ್ದ ದಿನ ವಾಟ್ಸ್ಆ್ಯಪ್ ತೆಗೆದು, ಕೊನೆಗೆ ಎಷ್ಟು ಗಂಟೆಗೆ ನೋಡಿದ್ದಾಳೆ ಅಂತ ಹುಡುಕುತ್ತಾ ಕೂರುತ್ತಿದ್ದೆ. 11.40 ಅಂತ ಇದ್ದರೆ, ಆಮೇಲೆ ಏನಾಯಿತೋ ಅಂತ ಬೆಳಗಿನವರೆಗೂ ಒದ್ದಾಟ. ಹಗಲಲ್ಲಿ ಏನೂ ಬೇಡ. ತಲೆ ಬಾಚಿಕೊಳ್ಳುವುದೂ ಬೇಡ. ಸತ್ಯವೇದ, ಅಂದರೆ ಬೈಬಲ್, ತೆಗೆದರೆ ಅಕ್ಷರ ಕಾಣುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ.

ಬೇರೆ ಊರಲ್ಲಿ ನೆಂಟರ ಮನೆಯಲ್ಲಿ ಒಂದು ಪ್ರಾರ್ಥನಾ ಕೂಟ ಇತ್ತು. ಅಲ್ಲಿ ಧೈರ್ಯ ಮಾಡಿ ಇದನ್ನು ಹೇಳಿದೆ. ಹಿರಿಯರೊಬ್ಬರು ಅಂದರು: 'ಅಕ್ಕೋರ, ವಿಶ್ವಾಸ ಗಟ್ಟಿ ಮಾಡ್ಕೋರಿ. ಚಿಂತಿ ಮಾಡಬ್ಯಾಡ್ರಿ ಅಂತ ಸತ್ಯವೇದದಾಗ ಪೌಲನೇ ಬರದಾನಲ್ಲ. ಮೂರು ದಿನ ಉಪವಾಸ ಮಾಡ್ರಿ, ಎಲ್ಲಾ ಹೋಗ್ತದ.' ಅವರದು ಕೆಟ್ಟ ಮನಸ್ಸಲ್ಲ. ನನಗಾಗಿ ಕಣ್ಣೀರು ಹಾಕಿ ಪ್ರಾರ್ಥನೆ ಮಾಡಿದವರೂ ಅವರೇ. ಆದರೆ ಆ ಮಾತಿನಿಂದ ನನ್ನ ಮೇಲೆ ಇನ್ನೊಂದು ಭಾರ ಬಿತ್ತು. ಅಲ್ಲಿಯವರೆಗೆ ನಿದ್ದೆ ಇಲ್ಲ ಅನ್ನೋ ದುಃಖ ಒಂದೇ ಇತ್ತು. ಅವತ್ತಿನಿಂದ, ದೇವರಿಗೂ ನಾನು ಬೇಡವಾದೆನೇನೋ ಅನ್ನೋ ಹೆದರಿಕೆ ಸೇರಿಕೊಂಡಿತು. ಉಪವಾಸ ಮಾಡಿದೆ. ನಾಲ್ಕನೇ ದಿನ ಏಳಲಿಕ್ಕೇ ಆಗಲಿಲ್ಲ.

ಅವತ್ತು ಬಂದವರು ಪಕ್ಕದ ನೇಕಾರರ ಮನೆಯ ಅಜ್ಜಿ. ಅವರು ಕ್ರೈಸ್ತರಲ್ಲ. ನಮ್ಮ ಮನೆ ಬಾಗಿಲು ತೆಗೆದಿಲ್ಲ ಅಂತ ಹಿತ್ತಲ ಕಡೆಯಿಂದ ಬಂದರು. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಎರಡು ಬಿಸಿ ಜೋಳದ ರೊಟ್ಟಿ, ಒಂದು ಬಟ್ಟಲಲ್ಲಿ ಮೆಂತ್ಯ ಪಲ್ಯ. ಏನಾಯ್ತು ಅಂತಲೂ ಕೇಳಲಿಲ್ಲ. ತೋಳು ಮುಟ್ಟಿ, 'ಏಳ್ರಿ ಅಕ್ಕೋರ, ಒಂದ್ ತುತ್ತು ಉಣ್ರಿ' ಅಂದರು. ತಂಬಿಗೆಯಲ್ಲಿ ನೀರು ತಂದಿಟ್ಟರು. ನಾನು ಅರ್ಧ ರೊಟ್ಟಿ ತಿಂದು ಮತ್ತೆ ಮಲಗಿದೆ. ಸಂಜೆ ಮತ್ತೆ ಬಂದು ಅದೇ ಮಾತು ಹೇಳಿ ಎಬ್ಬಿಸಿದರು.

ಎರಡನೇ ಸಲ ಎಬ್ಬಿಸಿದಾಗ ನನಗೆ ಮೈ ಜುಮ್ಮೆಂದಿತು. ಇದನ್ನು ನಾನೇ ಮಕ್ಕಳಿಗೆ ಎಷ್ಟು ಸಲ ಪಾಠ ಮಾಡಿದ್ದೆ! ಅರಸುಗಳ ಮೊದಲ ಪುಸ್ತಕದ 19ನೇ ಅಧ್ಯಾಯ. ಎಲೀಯ ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಬೀಳಿಸಿದ ಪ್ರವಾದಿ. ಅಂಥವನು ಈಜೆಬೆಲ್ ರಾಣಿಯ ಒಂದು ಬೆದರಿಕೆಗೆ ಅಡವಿಗೆ ಓಡಿಹೋಗಿ, ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಅಂತ ದೇವರನ್ನು ಕೇಳುತ್ತಾನೆ. ಹಾಗೇ ನಿದ್ದೆ ಹೋಗುತ್ತಾನೆ. ದೇವರು ಅವನನ್ನು ಬೈಯುವುದಿಲ್ಲ. ನಿನ್ನೆಯ ವಿಶ್ವಾಸ ಎಲ್ಲಿ ಹೋಯಿತು ಅಂತ ಕೇಳುವುದಿಲ್ಲ. ದೂತನನ್ನು ಕಳಿಸುತ್ತಾನೆ. ದೂತ ತಟ್ಟಿ ಎಬ್ಬಿಸಿ, ಏಳು, ಊಟ ಮಾಡು ಅನ್ನುತ್ತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದು ಮತ್ತೆ ಮಲಗಿದವನನ್ನು ದೂತ ಎರಡನೇ ಸಲ ಎಬ್ಬಿಸುತ್ತಾನೆ: ತಿನ್ನು, ದಾರಿ ದೂರ ಇದೆ, ನಿನಗೆ ಆಗುವುದಿಲ್ಲ. ಹೋರೇಬ್ ಬೆಟ್ಟದಲ್ಲಿ ದೇವರು ಮಾತಾಡಿದ್ದು ಅದಾಗಿ 40 ದಿನಕ್ಕೆ. ಮೊದಲು ಊಟ, ನಿದ್ದೆ. ಪಾಠ ಮಾಡುವಾಗ ಈ ರೊಟ್ಟಿಯನ್ನು ನಾನು ಬೇಗ ದಾಟಿ ಹೋಗುತ್ತಿದ್ದೆ.

ಆ ಅಜ್ಜಿಯೇ ಮಗಳಿಗೆ ಫೋನ್ ಮಾಡಿದರು. ಮಗಳು ಬಂದು ನನ್ನನ್ನು ಧಾರವಾಡಕ್ಕೆ, ಅಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದಳು. ನಮ್ಮ ಕಡೆ 'ಧಾರವಾಡಕ್ಕೆ ಕಳಿಸಬೇಕು' ಅಂದರೆ ಅದೊಂದು ಬೈಗುಳ. ಬಸ್ಸು ಅಣ್ಣಿಗೇರಿ ದಾಟುವವರೆಗೂ ನಾನು ಸೆರಗು ಮುಖಕ್ಕೆ ಹಿಡಿದುಕೊಂಡೇ ಕೂತಿದ್ದೆ. ಅಲ್ಲಿ ಸಾಲಿನಲ್ಲಿ ಇದ್ದವರು ನನ್ನಂಥವರೇ. ರೈತರು, ಬಾಣಂತಿಯರು, ಕಾಲೇಜು ಹುಡುಗರು. ಡಾಕ್ಟರು ಗುಳಿಗೆ ಬರೆದುಕೊಟ್ಟರು. ಆರು ವಾರಕ್ಕೆ ನಿದ್ದೆ ಬಂತು. ನಿದ್ದೆ ಬಂದ ಮೇಲೆ ಪ್ರಾರ್ಥನೆಯೂ ಬಂತು.

ಆ ಗುಳಿಗೆಗಳನ್ನು ನಾನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಡುತ್ತಿದ್ದೆ, ಚರ್ಚ್ ಸಭೆಯವರು ಯಾರಾದರೂ ಬಂದರೆ ಕಾಣಬಾರದು ಅಂತ. ಬಿಪಿ ಗುಳಿಗೆ ಮಾತ್ರ ಟಿವಿ ಮೇಲೇ ಇತ್ತು! ಬಿಪಿಗೆ ಇಲ್ಲದ ನಾಚಿಕೆ ಇದಕ್ಕೆ ಯಾಕೆ?

ಈಗ ಪೌಲನ ಮಾತಿಗೆ ಬರುತ್ತೇನೆ. ಫಿಲಿಪ್ಪಿ ಊರಿನ ಸಭೆಯವರಿಗೆ ಚಿಂತೆ ಮಾಡಬೇಡಿ ಅಂತ ಅವನು ಬರೆದದ್ದು ನಿಜ. ಬರೆದದ್ದು ಸೆರೆಮನೆಯಿಂದ. ಸಂಕಟ ಏನು ಅಂತ ಗೊತ್ತಿದ್ದವನು ಆಡಿದ ಸಮಾಧಾನದ ಮಾತು ಅದು. ಅದೇ ಪೌಲ ಕೊರಿಂಥದವರಿಗೆ ಬರೆದ ಎರಡನೇ ಪತ್ರದ 11ನೇ ಅಧ್ಯಾಯದಲ್ಲಿ, ಎಲ್ಲಾ ಸಭೆಗಳ ಚಿಂತೆ ದಿನದಿನವೂ ನನಗಿದೆ ಅನ್ನುತ್ತಾನೆ. ಯೇಸು ಸ್ವಾಮಿಯೇ ಗೆತ್ಸೇಮನೆ ತೋಟದಲ್ಲಿ, ನನ್ನ ಪ್ರಾಣ ಸಾಯುವಷ್ಟು ದುಃಖಪಡುತ್ತಿದೆ, ನನ್ನ ಜೊತೆ ಎಚ್ಚರವಾಗಿರಿ ಅಂತ ಗೆಳೆಯರನ್ನು ಕೇಳಿದ. ಇವರಿಗೆಲ್ಲ ವಿಶ್ವಾಸ ಕಡಿಮೆ ಇತ್ತು ಅನ್ನಲಾಗುತ್ತದೆಯೇ?

ನನ್ನನ್ನು ಹಿಡಿದಿಟ್ಟ ವಚನ ಪೇತ್ರನ ಮೊದಲ ಪತ್ರದ 5ನೇ ಅಧ್ಯಾಯದ್ದು. ನಮ್ಮ ಹಳೆಯ ಕನ್ನಡ ಸತ್ಯವೇದದಲ್ಲಿ ಅದು ಹೀಗಿದೆ: 'ನಿಮ್ಮ ಚಿಂತೆಯನ್ನೆಲ್ಲಾ ಆತನ ಮೇಲೆ ಹಾಕಿರಿ, ಆತನು ನಿಮಗೋಸ್ಕರ ಚಿಂತಿಸುತ್ತಾನೆ.' ನಮಗೂ ಚಿಂತೆ, ದೇವರಿಗೂ ಚಿಂತೆ. ಒಂದೇ ಪದ. ನಾನು ಮಗಳಿಗಾಗಿ ಎರಡೂವರೆಗೆ ಎದ್ದು ಕೂರುವ ಹಾಗೆ ನನಗಾಗಿ ಒಬ್ಬನು ಎದ್ದು ಕೂತಿದ್ದಾನೆ ಅಂತ ಅರ್ಥವಾದ ರಾತ್ರಿ ಎಷ್ಟು ಅತ್ತೆನೋ. ಈಗಲೂ ಕೆಲವು ರಾತ್ರಿ ಎಚ್ಚರವಾಗುತ್ತದೆ. ಉದ್ದ ಪ್ರಾರ್ಥನೆ ಮಾಡುವುದಿಲ್ಲ. 'ಅಪ್ಪಾ, ನಿನ್ನ ಮೇಲೆ ಹಾಕಿದೆ' ಅಂದು, ನೀರು ಕುಡಿದು ಮಲಗುತ್ತೇನೆ. ಕೆಲವು ಸಲ ನಿದ್ದೆ ಬರುತ್ತದೆ, ಕೆಲವು ಸಲ ಇಲ್ಲ. ಬರದಿದ್ದರೂ ಈಗ ಒಬ್ಬಳೇ ಇದ್ದೇನೆ ಅನ್ನಿಸುವುದಿಲ್ಲ.

ಸಭಾಪಾಲಕರಲ್ಲಿ, ಹಿರಿಯರಲ್ಲಿ ನನ್ನ ವಿನಂತಿ ಇಷ್ಟು. ದುಃಖ ಹೇಳಿಕೊಂಡು ಬಂದವರ ವಿಶ್ವಾಸವನ್ನು ಅಳೆಯಬೇಡಿ. ಅವರ ಮನೆಗೆ ಊಟ ತೆಗೆದುಕೊಂಡು ಹೋಗಿ. ಭಾನುವಾರದ ಪ್ರಕಟಣೆಗಳ ಜೊತೆ 14416 ನಂಬರನ್ನೂ ಹೇಳಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಲ್ಲಿ ಶುರುವಾದದ್ದು. ಹಗಲು ರಾತ್ರಿ ನಡೆಯುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡೂವರೆಗೆ ಅಯ್ಯನವರಿಗೆ ಫೋನ್ ಮಾಡಲಿಕ್ಕೆ ಯಾರಿಗಾದರೂ ಸಂಕೋಚ ಆಗುತ್ತದೆ, ಅಲ್ವಾ?

ಇನ್ನೊಂದು ನನ್ನ ಕೆಲಸ. 20 ವರ್ಷ ಮಕ್ಕಳಿಗೆ, ದೇವರು ನನ್ನ ಕುರುಬ ಅನ್ನುವ 23ನೇ ಕೀರ್ತನೆ ಬಾಯಿಪಾಠ ಮಾಡಿಸಿದೆ. 88ನೇ ಕೀರ್ತನೆಯನ್ನು ಒಂದು ಸಲವೂ ಓದಿಸಲಿಲ್ಲ. ಅದು ಮೊದಲಿನಿಂದ ಕೊನೆಯವರೆಗೆ ಅಳು, ಮುಗಿಯುವುದೂ ಕತ್ತಲಲ್ಲೇ. ಆದರೂ ಅದು ದೇವರ ಎದುರು ನಿಂತು ಅತ್ತ ಅಳು, ಅದಕ್ಕೂ ಸತ್ಯವೇದದಲ್ಲಿ ಜಾಗ ಇದೆ. ಬರುವ ಭಾನುವಾರ ದೊಡ್ಡ ಕ್ಲಾಸಿನ ಮಕ್ಕಳ ಜೊತೆ ಕೂತು ಅದನ್ನು ಓದುತ್ತೇನೆ.

ಇಂತಿ,
ನಿವೃತ್ತ ಶಿಕ್ಷಕಿ, ಬೆಟಗೇರಿ