ಚಿಕ್ಕಪ್ಪನ ಕಾಲಿನ ಗಾಯ

ಬ್ರಿಸ್ಬೇನ್,
ಜನವರಿ 18

ಪ್ರೀತಿಯ ಅಕ್ಕ,

ಹಬ್ಬದ ಫೋಟೋ ಎಲ್ಲ ನೋಡಿದೆ. ಆ ಹಿತಕಿದ ಅವರೆಬೇಳೆ ಸಾರಿನ ಫೋಟೋ ಒಂದನ್ನು ನೀನು ಕಳಿಸಬಾರದಿತ್ತು. ಇಲ್ಲಿ ಐಸಿನಲ್ಲಿಟ್ಟ ಅವರೆಕಾಳು ಸಿಗುತ್ತದೆ, ಸೊಗಡೇ ಇರುವುದಿಲ್ಲ.

ಫೋನ್ ಬಿಟ್ಟು ಕಾಗದ ಯಾಕೆ ಅಂತೀಯಾ? ನೀವು ಸ್ಪೀಕರ್ ಹಾಕಿರುತ್ತೀರಿ, ಅಮ್ಮ ಅರ್ಧಕ್ಕೇ ಗಾಬರಿಯಾಗುತ್ತಾಳೆ. ಇದನ್ನು ಮೊದಲು ನೀನೊಬ್ಬಳೇ ಓದು. ಚಿಕ್ಕಪ್ಪನ ಕಾಲಿನ ವಿಷಯ.

ಹೋದ ವಾರ ನನ್ನ ಬೆನ್ನ ಮೇಲಿನ ಮಚ್ಚೆ ತೋರಿಸಲು ಡಾಕ್ಟರ್ ಹತ್ತಿರ ಹೋಗಿದ್ದೆ. ಈ ಊರಲ್ಲಿ ಮಚ್ಚೆ ತೋರಿಸುವುದು ಹಲ್ಲು ತೋರಿಸಿದಷ್ಟೇ ಮಾಮೂಲು. ಆಸ್ಟ್ರೇಲಿಯಾದಲ್ಲಿ 70 ವರ್ಷ ತುಂಬುವುದರೊಳಗೆ ಮೂವರಲ್ಲಿ ಇಬ್ಬರಿಗೆ ಯಾವುದೋ ಒಂದು ಚರ್ಮದ ಕ್ಯಾನ್ಸರ್ ಆಗುತ್ತದಂತೆ. ಬಿಳಿ ಚರ್ಮ, ಈ ಸುಡು ಬಿಸಿಲು. ಅಂಗಿ ತೊಡಿ, ಕ್ರೀಮ್ ಬಳಿಯಿರಿ, ಟೋಪಿ ಹಾಕಿ ಅಂತ 1981ರಲ್ಲೇ ಟಿವಿಯಲ್ಲಿ ಹೇಳಲು ಶುರು ಮಾಡಿದರು. ಪುಟ್ಟನ ಸ್ಕೂಲಲ್ಲಿ ಟೋಪಿ ಮರೆತವರಿಗೆ ಆಟವೂ ಇಲ್ಲ.

ಡಾಕ್ಟರಮ್ಮ ದೀಪವಿರುವ ಭೂತಗನ್ನಡಿಯಲ್ಲಿ ಬೆನ್ನು ನೋಡಿ ಏನೂ ಇಲ್ಲ ಅಂದರು. ಆಮೇಲೆ ಕಾಲುಚೀಲ ತೆಗೆಯಲು ಹೇಳಿದರು! ಅಂಗಾಲು, ಬೆರಳ ಸಂದು, ಒಂದೊಂದು ಉಗುರೂ ನೋಡಿದರು. ನಮ್ಮಂಥ ಕಂದು ಮೈಯವರಿಗೆ ಬಿಸಿಲಿನಿಂದ ಬರುವ ಕ್ಯಾನ್ಸರ್ ತುಂಬಾ ಕಡಿಮೆ. ಆದರೆ ಮೆಲನೋಮಾ ಅಂತ ಕೆಟ್ಟ ಜಾತಿಯದೊಂದಿದೆ. ಅದು ನಮಗೆ ಬಂದರೆ ಜಾಸ್ತಿ ಕಾಣಿಸಿಕೊಳ್ಳುವುದು ಅಂಗಾಲು, ಅಂಗೈ, ಉಗುರಿನ ಕೆಳಗೆ. ಭಾವನ ಹಳೇ ಟೀ ಶರ್ಟಿನ ಮೇಲಿದ್ದಾನಲ್ಲ ಹಾಡುಗಾರ ಬಾಬ್ ಮಾರ್ಲಿ, ಅವನಿಗೆ ಕಾಣಿಸಿಕೊಂಡಿದ್ದು ಕಾಲ್ಬೆರಳ ಉಗುರಿನ ಕೆಳಗೆ. ಸತ್ತಾಗ ಬರೀ 36 ವರ್ಷ.

ಹೊರಡುವಾಗ ಸುಮ್ನೆ ಚಿಕ್ಕಪ್ಪನ ಕಾಲಿನ ಮಾತು ತೆಗೆದೆ. ಡಾಕ್ಟರಮ್ಮ ನನ್ನನ್ನು ಮತ್ತೆ ಕೂರಿಸಿಕೊಂಡು ಕೇಳಿದರು.

ನಿನಗೆ ನೆನಪಿದೆಯಲ್ವಾ, ರೇಷ್ಮೆ ಗೂಡು ಬೇಯಿಸುವ ಬಾಣಲೆ ಮಗುಚಿ ಅವರ ಮೊಣಕಾಲ ಕೆಳಗೆಲ್ಲ ಬೆಂದಿದ್ದು? ನಾನಾಗ ಒಂದನೇ ಕ್ಲಾಸು. 30 ವರ್ಷದ ಮೇಲಾಯಿತು. ಆ ಕಲೆ ಸುಕ್ಕುಸುಕ್ಕಾಗಿ, ಹೊಳೆಯುತ್ತಾ ಹಾಗೇ ಇತ್ತು. ದಸರಾಗೆ ಬಂದಾಗ ನೋಡಿದೆ, ಕಲೆಯ ನಡುವೆ ಐದು ರೂಪಾಯಿ ನಾಣ್ಯದಷ್ಟು ಹಸಿ ಗಾಯ. ಅಂಚು ದಪ್ಪಗೆ ಎದ್ದು ಹೊರಕ್ಕೆ ಮಡಚಿಕೊಂಡಿತ್ತು. ಮೇಲೆ ಅರಿಶಿನ ಮೆತ್ತಿದ್ದರು. ಪಂಚೆಗೆ ಅಂಟಿದ್ದನ್ನು ಎಳೆದಾಗ ರಕ್ತ ಬಂತು. "ಕೆರೆದುಕೊಂಡೆ ಕಣಮ್ಮ, ಏನಿಲ್ಲ" ಅಂದರು. ಶುಗರ್ ಇರಬೇಕು ಅಂತ ನಾವೂ ಸುಮ್ಮನಾದೆವು. ಅವರಿಗೆ ಶುಗರ್ ಇಲ್ಲ ಅಂತ ಅಮ್ಮನೇ ಆಮೇಲೆ ಹೇಳಿದಳು. ಔಷಧಿ ಅಂಗಡಿಯವನು ಕೊಟ್ಟ ಟ್ಯೂಬು ಹಚ್ಚುತ್ತಲೇ ಇದ್ದಾರಂತೆ. ಮೂರು ತಿಂಗಳಾಯಿತಲ್ಲ ಅಕ್ಕ!

ಹಳೇ ಸುಟ್ಟ ಕಲೆಯಲ್ಲಿ, ವರ್ಷಗಟ್ಟಲೆ ಮಾಯದ ಹುಣ್ಣಿನಲ್ಲಿ ಕ್ಯಾನ್ಸರ್ ಹುಟ್ಟಬಹುದಂತೆ. ಸುಟ್ಟು 30 ವರ್ಷ ಆದಮೇಲೂ. ಮಾರ್ಜೊಲಿನ್ ಹುಣ್ಣು ಅಂತ ಅದಕ್ಕೊಂದು ಹೆಸರೇ ಇದೆ. ಇದಕ್ಕೂ ಬಿಸಿಲಿಗೂ ಸಂಬಂಧವಿಲ್ಲ. ಗಾಯ ಮಾಯದೆ ದೊಡ್ಡದಾಗುವುದು, ಅಂಚು ಗಟ್ಟಿಯಾಗಿ ಏಳುವುದು, ಮುಟ್ಟಿದರೆ ರಕ್ತ, ಕೆಟ್ಟ ವಾಸನೆ, ಹೂಕೋಸಿನ ಹಾಗೆ ಮಾಂಸ ಬೆಳೆಯುವುದು, ಇವೇ ಗುರುತು. ಚಿಕ್ಕಪ್ಪನದು ಅದೇ ಅಂತ ನಾನು ಹೇಳುತ್ತಿಲ್ಲ. ಅಂಚಿನಿಂದ ಒಂದು ಚೂರು ತೆಗೆದು ಬಯಾಪ್ಸಿ ಮಾಡದೆ ಯಾರೂ ಹೇಳಲಾರರು. ಬೇಗ ಸಿಕ್ಕರೆ ಆ ಭಾಗ ತೆಗೆದು ಬೇರೆ ಕಡೆಯ ಚರ್ಮ ಹಾಕುತ್ತಾರೆ. ತಡವಾದರೆ ಕಾಲೇ ತೆಗೆಯಬೇಕಾಗಬಹುದು.

"ಕತ್ತಿ ಹಾಕಿದರೆ ಹರಡುತ್ತೆ" ಅಂತ ಚಿಕ್ಕಪ್ಪ ಹೇಳೇ ಹೇಳುತ್ತಾರೆ. ಹೌದಾ ಅಂತ ನಾನೂ ಕೇಳಿದೆ. ಚೂರು ತೆಗೆದಿದ್ದಕ್ಕೆ ಹರಡುವುದಿಲ್ಲ, ಬಿಟ್ಟರೆ ಹರಡುತ್ತದೆ ಅಂದರು ಡಾಕ್ಟರಮ್ಮ. ಶಿಡ್ಲಘಟ್ಟದಲ್ಲಿ ಬ್ಯಾಂಡೇಜ್ ಕಟ್ಟಿಸಿಕೊಂಡು ಬರುವುದು ಬೇಡ. ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ಸರ್ಜನ್‌ಗೆ ತೋರಿಸು. 30 ವರ್ಷದ ಹಿಂದೆ ಸುಟ್ಟ ಜಾಗ ಅನ್ನುವುದನ್ನು ನೀನೇ ಬಾಯಿಬಿಟ್ಟು ಹೇಳು, ಚಿಕ್ಕಪ್ಪ ಹೇಳುವುದಿಲ್ಲ. ಕ್ಯಾನ್ಸರ್ ಅಂತ ಬಂದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬಿಪಿಎಲ್ ಕಾರ್ಡು, ಆಧಾರ್ ಎರಡೂ ಚೀಲದಲ್ಲಿರಲಿ. ಆವತ್ತಿನ ಗೂಡಿನ ಹರಾಜಿಗೆ ಅವರ ಮಗ ಹೋಗಲಿ, ಒಂದು ದಿನಕ್ಕೆ ಮಾರ್ಕೆಟ್ಟೇನೂ ಮುಳುಗುವುದಿಲ್ಲ.

ಹಾಗೇ ಅಮ್ಮನ ಅಂಗಾಲನ್ನೂ ನೋಡು. ಸೊಪ್ಪಿನ ತೋಟದಲ್ಲಿ ಬರಿಗಾಲಲ್ಲೇ ಓಡಾಡುತ್ತಾಳೆ, ಏನಿದ್ದರೂ ಮುಳ್ಳು ಅಂದುಬಿಡುತ್ತಾಳೆ. ಅಂಚು ಸೊಟ್ಟಸೊಟ್ಟಗಿದ್ದು ಬೆಳೆಯುತ್ತಿರುವ ಕಪ್ಪು ಮಚ್ಚೆ, ಉಗುರಿನಲ್ಲಿ ಅಗಲವಾಗುತ್ತಿರುವ ಕಪ್ಪು ಗೆರೆ ಇದ್ದರೆ ಅವಳನ್ನೂ ಕರೆದುಕೊಂಡು ಹೋಗು. ಬಿಸಿಲಿಗೆ ಅವಳ ಸೆರಗು ಸಾಕು, ನನ್ನ ಮಾತು ಕೇಳಿ ದುಬಾರಿ ಕ್ರೀಮೆಲ್ಲ ತರಬೇಡ.

ಅರಿಶಿನ ತೊಳೆದು, ಪಕ್ಕದಲ್ಲಿ ನಾಣ್ಯ ಇಟ್ಟು ಗಾಯದ ಫೋಟೋ ಕಳಿಸು. ನಿನ್ನ ಅಕೌಂಟಿಗೆ ದುಡ್ಡು ಹಾಕಿದ್ದೇನೆ. ನಾನು ಕಳಿಸಿದ್ದು ಅಂತ ಚಿಕ್ಕಪ್ಪನಿಗೆ ಗೊತ್ತಾದರೆ ಬಸ್ಸೇ ಹತ್ತುವುದಿಲ್ಲ. ಚೀಟಿ ದುಡ್ಡು ಬಂತು ಅಂದುಬಿಡು.

ನಿನ್ನ ತಂಗಿ