ಗುಳೆ ಬಂದವರ ತಲೆ ಎಣಿಕೆ ತಪ್ಪದಿರಲಿ

ಮಾನ್ಯ ಸಂಪಾದಕರೇ,

ಜನಗಣತಿಯ ಎರಡನೇ ಹಂತವಾದ ತಲೆ ಎಣಿಕೆ 2027ರ ಫೆಬ್ರವರಿಯಲ್ಲಿ ನಡೆಯಲಿದೆ. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಎಷ್ಟೋ ಹಳ್ಳಿ, ತಾಂಡಾಗಳಲ್ಲಿ ಮನೆಗಳಿಗೆ ಬೀಗ ಬಿದ್ದಿರುವ ತಿಂಗಳದು. ತೊಗರಿ ರಾಶಿ ಮುಗಿಯುತ್ತಲೇ ಗಂಡ-ಹೆಂಡಿರು ಕಟ್ಟಡ ಕೆಲಸಕ್ಕೆಂದು ಪುಣೆ, ಮುಂಬೈ, ಗೋವಾದ ದಾರಿ ಹಿಡಿದಿರುತ್ತಾರೆ. ಊರಲ್ಲಿ ಉಳಿಯುವವರು ಮುದುಕರು, ಶಾಲೆಯ ಮಕ್ಕಳು, ಬಿಳಿಜೋಳದ ಕೊಯ್ಲಿಗೆ ನಿಂತ ಕೆಲವರು.

2011ರಲ್ಲಿ ಫೆಬ್ರವರಿ 9ರಿಂದ 28ರವರೆಗೆ ಎಣಿಕೆ ನಡೆದಾಗ, ಅಷ್ಟೂ ದಿನ ಊರಲ್ಲಿಲ್ಲದವರನ್ನು ಊರಿನ ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ, ಇದ್ದಲ್ಲೇ ಎಣಿಸಬೇಕಿತ್ತು. ಅಂದರೆ ಪುಣೆಯ ವಾಕಡ, ಹಿಂಜವಡಿಯ ತಗಡಿನ ಶೆಡ್ಡಿನಲ್ಲಿದ್ದವರು ಪುಣೆಯ ಲೆಕ್ಕಕ್ಕೆ. ಊರಲ್ಲಿ ಅಜ್ಜಿ ಮಗ-ಸೊಸೆಯ ಹೆಸರನ್ನೂ ಬರೆಸಿದರೆ ಎರಡು ಸಲ ಎಣಿಸಿದಂತಾಗುತ್ತದೆ, ಬರೆಸಬಾರದು. ಆದರೆ ಇಲ್ಲಿ ಪುಣೆಯ ಶೆಡ್ಡಿಗೆ ಯಾರೂ ಬರದಿದ್ದರೆ ಅವರು ಎಲ್ಲಿಯೂ ಇಲ್ಲ. ನಮ್ಮ ಆತಂಕ ಇದರದ್ದೇ. ಗಣತಿದಾರರು ಹಗಲು ಬರುತ್ತಾರೆ, ಹಗಲು ಶೆಡ್ಡಿಗೆ ಬೀಗ. ಸ್ಲ್ಯಾಬ್ ಮುಗಿದರೆ ಗ್ಯಾಂಗೇ ಬೇರೆ ಸೈಟಿಗೆ ಎದ್ದು ಹೋಗುತ್ತದೆ. ಐದಾರು ಹುಡುಗರಿರುವ ಕೋಣೆಯನ್ನು ‘ಫ್ಯಾಮಿಲಿ ಇಲ್ಲ’ ಎಂದು ಬಿಟ್ಟು ಹೋಗುವುದುಂಟು. ನೆಂಟಸ್ತನ ಬೇಕಿಲ್ಲ, ಒಂದೇ ಒಲೆಯಲ್ಲಿ ಉಣ್ಣುವವರೆಲ್ಲ ಗಣತಿಗೆ ಒಂದು ಕುಟುಂಬ. ಇನ್ನೂ ಹೆಸರಿಡದ ಕೂಸನ್ನೂ ಬರೆಸಬೇಕು.

ಬರೆಸುವಾಗಲೂ ಎಚ್ಚರ ಬೇಕು. ‘ಎಲ್ಲಿಂದ ಬಂದಿರಿ?’ ಎಂದರೆ ನಮ್ಮವರು ‘ಗುಲ್ಬರ್ಗಾ’ ಎಂದುಬಿಡುತ್ತಾರೆ. ಬಂದ ಜಾಗ ಹಳ್ಳಿಯೋ ಪಟ್ಟಣವೋ ಎಂಬ ಕಲಮು ಅಲ್ಲೇ ಇರುತ್ತದೆ. ನಗರದಿಂದ ಬಂದವರೆಂದು ದಾಖಲಾದರೆ ಹಳ್ಳಿ ಬಿಟ್ಟ ಲೆಕ್ಕವೇ ಅಳಿಸಿಹೋಯಿತು. ಊರು, ತಾಲ್ಲೂಕು, ಜಿಲ್ಲೆ ಮೂರನ್ನೂ ಹೇಳಬೇಕು. ಗಂಡ ಗೌಂಡಿ ಎಂದು ಬರೆದುಕೊಂಡವರು ಹೆಂಡತಿಯನ್ನು ‘ಮನೆಗೆಲಸ’ ಎಂದು ಬರೆದು ಮುಗಿಸುತ್ತಾರೆ. ಆಕೆ ಮಳೆಗಾಲದಲ್ಲಿ ಹೊಲದಲ್ಲಿ, ಆಮೇಲೆ ಇಲ್ಲಿ ಬುಟ್ಟಿ ಹೊತ್ತು ವರ್ಷದಲ್ಲಿ ಒಟ್ಟು ಆರು ತಿಂಗಳು ದುಡಿದಿದ್ದರೆ ಗಣತಿಯ ಲೆಕ್ಕದಲ್ಲಿ ಆಕೆಯೂ ಮುಖ್ಯ ದುಡಿಮೆಗಾರಳೇ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ತಾಂಡಾಗಳಿಗೆ. ಲಂಬಾಣಿ, ಭೋವಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಇದೇ ಜನ ಮಹಾರಾಷ್ಟ್ರದಲ್ಲಿ ಬಂಜಾರ, ವಡಾರರೆಂಬ ಹೆಸರಿನಲ್ಲಿ ವಿಮುಕ್ತ ಜಾತಿಯ ಪಟ್ಟಿಯಲ್ಲಿದ್ದಾರೆ, ಪರಿಶಿಷ್ಟರ ಪಟ್ಟಿಯಲ್ಲಲ್ಲ. ಗಣತಿಯಲ್ಲಿ ಪರಿಶಿಷ್ಟರನ್ನು ಗುರುತಿಸುವುದು ಎಣಿಸಿದ ರಾಜ್ಯದ ಪಟ್ಟಿಯಿಂದ. ಹಾಗಾಗಿ ಪುಣೆಯಲ್ಲಿ ಸರಿಯಾಗಿ ಎಣಿಸಿದರೂ ಆ ಮನೆಯವರು ಪರಿಶಿಷ್ಟರ ಸಂಖ್ಯೆಗೆ ಸೇರುವುದಿಲ್ಲ. ಊರಿನ ಪಂಚಾಯಿತಿಯಲ್ಲಿ ಸ್ಥಾನಗಳು 400 ಜನಕ್ಕೊಂದರಂತೆ. ಪರಿಶಿಷ್ಟರ ಮೀಸಲು ಅವರ ಸಂಖ್ಯೆಗೆ ತಕ್ಕಂತೆ. ಎರಡೂ ಕಡೆ ಕಳೆದುಕೊಳ್ಳುವವರು ಇವರೇ. ಫೆಬ್ರವರಿಯ ಲೆಕ್ಕ ಬಹುಕಾಲ ಬಾಳುತ್ತದೆ ಎಂಬುದನ್ನು ಮರೆಯಬಾರದು: ಆಹಾರ ಭದ್ರತೆ ಕಾಯ್ದೆಯ ಪಡಿತರ ಮಿತಿ ಇನ್ನೂ ನಿಂತಿರುವುದು 2011ರ ಗಣತಿಯ ಮೇಲೆ.

ಆದ್ದರಿಂದ ಎರಡೂ ರಾಜ್ಯಗಳ ಗಣತಿ ಅಧಿಕಾರಿಗಳು ಈಗಲೇ ಕೂಡಿ ಮಾತಾಡಲಿ. ಗುಳೆ ಬಂದ ಕುಟುಂಬಗಳ ಜಾತಿ, ಮೂಲ ಊರುಗಳ ಒಟ್ಟು ಅಂಕಿ-ಅಂಶವನ್ನು ಜಿಲ್ಲಾವಾರು ಬೇರೆಯಾಗಿ ಪ್ರಕಟಿಸಲಿ. ಶೆಡ್ಡುಗಳಿಗೆ ಬೆಳಗ್ಗೆ 7ರೊಳಗೆ ಅಥವಾ ರಾತ್ರಿ 8ರ ನಂತರ, ಕನ್ನಡ ಬಲ್ಲ ಶಿಕ್ಷಕರನ್ನು ಜೊತೆಗಿಟ್ಟುಕೊಂಡು ಹೋಗಲಿ. ಇಲ್ಲಿನ ಕನ್ನಡ ಸಂಘಗಳು ಜನವರಿಯ ಭಾನುವಾರಗಳಲ್ಲಿ ಕೂಲಿಯವರು ಕೆಲಸಕ್ಕಾಗಿ ಸೇರುವ ಲೇಬರ್ ನಾಕಾಗಳಿಗೆ ಹೋಗಿ, ಪ್ರತಿ ಮನೆಗೂ ಊರು, ತಾಲ್ಲೂಕು, ಜಿಲ್ಲೆ, ಎಲ್ಲರ ಹೆಸರು, ವಯಸ್ಸು ಬರೆದ ಒಂದು ಚೀಟಿ ಮಾಡಿಕೊಡಲಿ. ಶೆಡ್ಡಿನಲ್ಲಿ ಯಾರೊಬ್ಬರೇ ಇದ್ದರೂ ಅದನ್ನು ತೋರಿಸಿ ಬರೆಸಬಹುದು.

— ಕನ್ನಡ ಓದುಗರು, ಪಿಂಪ್ರಿ-ಚಿಂಚವಡ, ಪುಣೆ